ಒಂದೇ ಕುರ್ಚಿಯ ಸಿನಿಮಾ

ಕೊಲ್ಲಿ ನಾಡಿನ ಸುವೈಕ್ ಪೇಟೆ ಮಧ್ಯಾಹ್ನ ಬಾಗಿಲು ಹಾಕಿದಾಗ ಬಟ್ಟೆ ವ್ಯಾಪಾರಿ ಮೂಸಬ್ಬ ಶಟರ್ ಎಳೆದು, ಒಳಗೇ ಕುಳಿತು, ಫೋನಿನಲ್ಲಿ ಬ್ರಿಟಿಷ್ ಕಳ್ಳರ ಹಳೆಯ ಹಾಸ್ಯಚಿತ್ರವೊಂದನ್ನು ನೋಡಿದ. ಇಂಗ್ಲಿಷ್ ಅರ್ಥವಾಗದಿದ್ದರೂ ನಿರ್ಮಾಪಕನ ಜಿಪುಣತನ ಚೆನ್ನಾಗಿಯೇ ಅರ್ಥವಾಯಿತು. ನಗು ಬಂತು, ಜೊತೆಗೆ ನಗಲು ಬಟ್ಟೆಯ ಥಾನುಗಳಷ್ಟೇ ಇದ್ದವು. ಉಪ್ಪಿನಂಗಡಿಯಲ್ಲಿದ್ದ ಹೆಂಡತಿ ರಹ್ಮತ್‌ಗೆ ಫೋನ್ ಮಾಡಿದ. ಅವರ ಮಾತು ವರ್ಷಗಳಿಂದ "ಊಟ ಆಯ್ತಾ" ಎಂಬಲ್ಲಿಗೇ ಮುಗಿದುಹೋಗುತ್ತಿತ್ತು.

"ಈ ಸಿನಿಮಾದಲ್ಲಿ ಬ್ಯಾಂಕಿನಲ್ಲಿದ್ದ ಕುರ್ಚಿಯೇ ಪೊಲೀಸ್ ಠಾಣೆಯಲ್ಲೂ ಉಂಟು ಮಾರಾಯ್ತಿ! ಕಳ್ಳನ ಮನೆಯಲ್ಲೂ ಅದೇ!"

"ಹಾಗಾದ್ರೆ ಅವ ಕದ್ದದ್ದು ಅದನ್ನೇ ಇರ್ಬೇಕು," ಎಂದು ರಹ್ಮತ್ ನಕ್ಕಳು. "ಮತ್ತೆ? ಸಿಕ್ಕಿಬಿದ್ದನಾ?"

ಅವನು ಸಿಕ್ಕಿಬಿದ್ದದ್ದನ್ನು ಮೂಸಬ್ಬ ಆಗಲೇ ನೋಡಿಯಾಗಿತ್ತು. ಆದರೆ ಗಿರಾಕಿ ಮರಳಿ ಬರಬೇಕಾದರೆ ಎಲ್ಲ ಸರಕನ್ನೂ ಒಂದೇ ದಿನ ಬಿಚ್ಚಿ ಹರಡಬಾರದು.

"ಇನ್ನೂ ಓಡ್ತಾ ಇದ್ದಾನೆ," ಎಂದ. "ನಾಳೆ ಹೇಳ್ತೇನೆ."