ಹಸಿರು ಚುಕ್ಕೆಯಿಲ್ಲದ ಒಂದು ಸಾಮಾನು

“ಯಾರ್ ಕೈಗೇ ಆಗ್ಲಿ, ಸಾಮಾನು ಕೊಡೂಕ್ ಮುಂಚೆ ಗುರ್ತು ಆಕ್ಬುಡ್ಬೇಕು ಕಣಕ್ಕ. ನಾನು ಮೈಕ್‌ಸೆಟ್ಟು ಕಟ್ಕಂಡು ಊರೂರು ತಿರುಗ್ದೋನು. ಒಂದು ಮದ್ವೆ ಅಂದ್ರೆ ಮೈಕಿನ ಆರ್ನು ನಂದು, ಶಾಮಿಯಾನ ಇನ್ನೊಬ್ಬಂದು, ಪಾತ್ರೆ ಮತ್ತೊಬ್ಬಂದು. ಬೆಳಿಗ್ಗೆ ಎಲ್ರೂ ನಿದ್ದೆಗಣ್ಣಲ್ಲಿ ಬಿಚ್ತಾರೆ, ಯಾರ್ದು ಯಾರ್ ಗಾಡಿಗೆ ಓಯ್ತೋ ದೇವ್ರೇ ಬಲ್ಲ. ಅಜ್ಜೀಪುರ್‌ದಲ್ಲಿ ಒಂದ್ಸಲ ನನ್ ಆರ್ನು ಕಾಣ್ದಂಗಾಯ್ತು. ಎಷ್ಟೋ ದಿನ ಆದ್ಮೇಲೆ ಒಡೆಯರಪಾಳ್ಯದ ತಾವು ಒಂದು ತಿಥಿ ಮನೇಲಿ ಅದೇ ಆರ್ನು ಮರದ ಮ್ಯಾಲೆ ಕೂತ್ಕಂಡು ಕೂಗ್ತಾ ಅದೆ! ಕೆಳ್ಗೆ ನಿಂತ್ಕಂಡು ನೋಡ್ದೆ, ಬಾಯಿ ಅಂಚ್ನಲ್ಲಿ ನನ್ ಹಸ್ರು ಚುಕ್ಕೆ. ಆವತ್ತಿಂದ ನಾನು ಯಾರ್ನೂ ನಂಬಕಿಲ್ಲ. ರಿಪೇರಿಯೋರ್ನಂತೂ ಕೇಳ್ಲೇಬ್ಯಾಡ. ಒಬ್ಬ ನನ್ ಹಳೇ ಆಂಪ್ಲಿಫೈಯರ್‌ನಲ್ಲಿದ್ದ ತಾಮ್ರದ ಸುತ್ತು ಬಿಚ್ಕಂಡು ಅಲ್ಯೂಮಿನಿಯಂ ಸುತ್ತಿ ಕೊಟ್ಟಿದ್ದ. ನಗ್ತಾ ನಗ್ತಾ ಕೊಟ್ಟ ಕಣಕ್ಕ, ಟೀ ಬ್ಯಾರೆ ಕುಡ್ಸಿದ್ದ. ನಗೋರ್ನ ಇನ್ನೂ ಒಸಿ ಜಾಸ್ತಿ ನೋಡ್ಕಬೇಕು.”

ಹೀಗೆ ಹೇಳುವವನು ನಮ್ಮ ಪಕ್ಕದ ಮನೆಯ ಬಿಳಿಗಿರಿ. ಕೊಳ್ಳೇಗಾಲದಲ್ಲಿ ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅವನು ಜಗಲಿಯಲ್ಲಿ ಕೂತು ಹೇಳಿದ್ದೂ ನನಗೆ ಕೇಳುತ್ತದೆ, ಒಳಗೆ ಹೆಂಡತಿ ಲಕ್ಷ್ಮಿದೇವಿಯ ಹತ್ತಿರ ಗೊಣಗಿದ್ದೂ ಕೇಳುತ್ತದೆ.

ಅವನು ಹುಟ್ಟಿದ್ದು ಮಧುವನಹಳ್ಳಿಯಲ್ಲಿ. ಮೀಸೆ ಮೂಡುವ ಕಾಲಕ್ಕೇ ಸೈಕಲ್ಲಿನ ಹಿಂದೆ ಹಾರ್ನು ಕಟ್ಟಿಕೊಂಡು ಹನೂರು, ಯಳಂದೂರು ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದವನು. ಮದುವೆ, ತಿಥಿ, ಎಲೆಕ್ಷನ್ನು, ಎಲ್ಲಕ್ಕೂ ಅವನದೇ ಮೈಕು. ಹಾರ್ನಿಗೆ, ವೈರಿಗೆ, ಹಗ್ಗದ ತುದಿಗೆ ಹಸಿರು ಬಣ್ಣದ ಚುಕ್ಕೆ ಇಟ್ಟು ಇಟ್ಟು ಅದು ಅವನ ಕೈಗೆ ಅಂಟಿಕೊಂಡುಬಿಟ್ಟಿತು. ಮನೆಯ ಕೊಡಗಳಿಗೂ ಚುಕ್ಕೆ ಬಂತು. ಪಂಕ್ಚರ್ ಹಾಕಿಸಲು ಹೋದರೆ ಸೈಕಲ್ಲಿನ ಟ್ಯೂಬಿಗೂ ಮೊದಲು ಚುಕ್ಕೆ.

“ನಿನ್ ತಲೆಗೂ ಒಂದು ಇಕ್ಕಂಬುಡು, ಕಟಿಂಗ್ ಅಂಗ್ಡಿಯೋನು ಬದ್ಲಾಯಿಸ್ಬುಟ್ಟಾನು” ಎಂದು ಲಕ್ಷ್ಮಿದೇವಿ ಆಡಿಕೊಳ್ಳುತ್ತಿದ್ದಳು.

“ಬದ್ಲಾಯಿಸುದ್ರೆ ನಿಂಗೇ ಲಾಭ, ಸುಮ್ನಿರು” ಎನ್ನುತ್ತಿದ್ದ ಅವನು.

ಡಿ.ಜೆ. ಪೆಟ್ಟಿಗೆಗಳು ಬಂದ ಮೇಲೆ ಹಾರ್ನು ಕೇಳುವವರಿಲ್ಲವಾದರು. ಬಿಳಿಗಿರಿ ಟೇಪ್‌ರೆಕಾರ್ಡರ್ ಒಂದನ್ನು ಉಳಿಸಿಕೊಂಡು ಮಿಕ್ಕ ಸಾಮಾನನ್ನೆಲ್ಲ ಹನೂರಿನ ರುದ್ರಸ್ವಾಮಿಗೆ ಮಾರಿಬಿಟ್ಟ. ಬಂದ ದುಡ್ಡಿನಲ್ಲಿ ಸೋರುವ ತಾರಸಿ ಸರಿಮಾಡಿಸುತ್ತಾನೆ ಎಂದು ಲಕ್ಷ್ಮಿದೇವಿ ಕಾದಿದ್ದಳು. ಅವನು ಬೆಂಗಳೂರಿನಿಂದ ಹೊರದೇಶದ ಒಂದು ಆಂಪ್ಲಿಫೈಯರ್ ತಂದ. ಜೊತೆಗೆ ಎರಡು ಸ್ಪೀಕರು. ತುಂಬಿದ ಕೊಡದಷ್ಟು ತೂಕದ ಕರಿ ಪೆಟ್ಟಿಗೆ ಅದು, ಮುಂದುಗಡೆ ಒಂದು ದೀಪ, ಒಂದು ಗುಂಡಿ, ಅಷ್ಟೇ. ಆ ಸಿಟ್ಟಿಗೆ ಲಕ್ಷ್ಮಿದೇವಿ ವಾರವೆಲ್ಲ ಅವನಿಗೆ ಮುದ್ದೆ ಬಡಿಸಿ ಮಾತು ಬಡಿಸಲಿಲ್ಲ.

“ಇಷ್ಟು ದಿವ್ಸ ಊರಿಗೆಲ್ಲ ಕೇಳಂಗೆ ಕೂಗ್ಸಿವ್ನಿ ಕಣಕ್ಕ. ಇನ್ಮೇಲೆ ನನ್ ಒಬ್ಬುನ್ಗೆ ಕೇಳಂಗೆ ಆಡಿಸ್ಕತೀನಿ” ಎಂದು ನನಗೆ ಹೇಳಿದ.

ತಂಬೂರಿಯವರು ಕತೆ ಹಾಡುವ ಕಡೆಯೆಲ್ಲ ಮೈಕು ಕಟ್ಟುವಾಗ ಅವನು ಒಂದು ಟೇಪಿಗೂ ವೈರು ಎಳೆದು ಹಾಡನ್ನು ಹಿಡಿದಿಟ್ಟುಕೊಂಡಿದ್ದ. ಅಂಥ ಕ್ಯಾಸೆಟ್ಟುಗಳು ಒಂದು ಟ್ರಂಕಿನ ತುಂಬ ಇದ್ದವು. ಹಾರ್ನಿನಲ್ಲಿ ಕಿರುಚಾಟವಾಗಿ ಕೇಳಿದ್ದು ಈ ಪೆಟ್ಟಿಗೆಯಲ್ಲಿ ಬೇರೆಯೇ ಆಗಿ ಕೇಳುತ್ತಿತ್ತು. ಹಾಡುವವನು ಉಸಿರು ಎಳೆದುಕೊಳ್ಳುವುದು, ತಂತಿ ಮೀಟಿದ ಮೇಲೆ ಉಳಿಯುವ ಗುಂಯ್ ಎನ್ನುವುದು, ಹಿಂದೆ ಯಾರೋ ಕೆಮ್ಮಿದ್ದು, ಎಲ್ಲ ಗೋಡೆಯಾಚೆ ನನಗೂ ಬರುತ್ತಿತ್ತು. ಅವನು ಸ್ವಿಚ್ಚು ಹಾಕಿದನೆಂದು ನನಗೆ ಗೊತ್ತಾಗುತ್ತಿದ್ದುದು ಒಂದು ಸದ್ದಿನಿಂದ. ಮೊದಲು ಒಳಗೆಲ್ಲೋ ಟಕ್ ಎನ್ನುತ್ತಿತ್ತು, ಆಮೇಲೆ ಹಾಡು.

ಅವನಿಗೆ ಅವಸರ ಇತ್ತು. ಹಾರ್ನಿನ ಕೆಳಗೆ ನಿಂತು ನಿಂತು ಬಲಗಿವಿ ಆಗಲೇ ಹೋಗಿತ್ತು. ಎಡಗಿವಿಯೂ ಅದರ ಹಿಂದೆಯೇ ಹೊರಟಿದೆ ಎಂದು ಕಿವಿ ಡಾಕ್ಟರು ಹೇಳಿದ್ದರು. ಕಿವಿಗೆ ಮಿಷನ್ ಹಾಕಿಕೊಂಡರೆ ಮಾತು ಕೇಳಬಹುದು, ಹಾಡಿನ ನಯವೆಲ್ಲ ಸಿಕ್ಕುವುದಿಲ್ಲ ಎಂದಿದ್ದರಂತೆ. “ಕಿವಿ ಬಾಗ್ಲು ಆಕೋದ್ರೊಳ್ಗೆ ಟ್ರಂಕು ಖಾಲಿ ಮಾಡ್ಬೇಕು” ಎನ್ನುತ್ತಿದ್ದ.

ಟ್ರಂಕು ಇನ್ನೂ ಅರ್ಧವಾಗಿರಲಿಲ್ಲ, ಒಂದು ದಿನ ಟಕ್ ಎನ್ನಲಿಲ್ಲ. ದೀಪ ಉರಿಯಿತು, ಹಾಡು ಬರಲಿಲ್ಲ.

ಮಾರ್ಕೆಟ್ ರಸ್ತೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುವ ಕುಮಾರಸ್ವಾಮಿ ಬಂದು ಪೆಟ್ಟಿಗೆಯನ್ನು ಮುಟ್ಟದೆ ಸುತ್ತಲೂ ನೋಡಿದ.

“ಬಿಳಿಗಿರಣ್ಣ, ಇದ್ಕೆ ಗ್ಯಾರಂಟಿ ಇನ್ನೂ ಅದೆ. ಕಂಪ್ನಿಯೋರು ಇದುರ್ ನಕ್ಷೆ ಹೊರ್ಗಿನೋರ್ಗೆ ಕೊಡಕಿಲ್ಲ, ಬಿಡಿ ಸಾಮಾನೂ ಮಾರಕಿಲ್ಲ. ನಾನು ಕಣ್ಣು ಕಟ್ಕಂಡು ಕೈಯಾಡ್ಸಿ, ನಿನ್ ಬಾಯ್ನಲ್ಲಿ ಕಳ್ಳ ಅನ್ನಿಸ್ಕಳಾ? ಅಲ್ಲಿಗೇ ತಕಂಡೋಗು.”

ಬಿಳಿಗಿರಿ ಅದನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬೆಂಗಳೂರಿಗೆ ಹೋದ. ಹಿಂದಿನ ಡಿಕ್ಕಿಗೆ ಹಾಕು ಎಂದ ಕಂಡಕ್ಟರನ ಮೇಲೂ ಅವನಿಗೆ ಅನುಮಾನ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅವನನ್ನು ಮೆತ್ತನೆಯ ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟರಂತೆ. ಅಲ್ಲಿಗೆ ಅವನ ಅನುಮಾನ ಇಮ್ಮಡಿಯಾಯಿತು.

“ಬೀಗ್ರ ಮನೇಲೂ ಇಂಥ ಉಪಚಾರ ಇಲ್ಲ ಕಣಕ್ಕ. ಬಿಚ್ಚುವಾಗ ಪಕ್ಕದಲ್ಲಿ ಕೂತ್ಕತೀನಿ ಅಂದ್ರೆ, ಗಾಜಿನ ಬಾಗ್ಲು ತೋರ್ಸಿ, ಸಾರ್, ಒಳ್ಗೆ ಬರಂಗಿಲ್ಲ ಅಂದ್ರು. ಯಾಕ್ ಬರಂಗಿಲ್ಲ? ಒಳ್ಗೇನ್ ಹೆರಿಗೆ ಆಯ್ತಾ ಇತ್ತಾ?” ಎಂದು ಬಂದವನೇ ನನ್ನ ಹತ್ತಿರ ಕೂಗಾಡಿದ. ಅವನ ಪಿಸುಮಾತೂ ಆಗ ಕೂಗಾಟವೇ ಆಗಿತ್ತು.

ಒಂದು ಧೈರ್ಯ ಅವನಿಗಿತ್ತು. ಪೆಟ್ಟಿಗೆ ತಂದ ದಿನವೇ ಮುಚ್ಚಳ ಬಿಚ್ಚಿ, ಒಳಗೆ ಕೈಗೆ ಸಿಕ್ಕುವಂಥ ಸಾಮಾನಿಗೆಲ್ಲ ಊದುಬತ್ತಿಯ ಕಡ್ಡಿಯಿಂದ ಹಸಿರು ಚುಕ್ಕೆ ಇಟ್ಟಿದ್ದ. ಆಗ ಒಂದು ತಿರುಪಿನ ಮೇಲೆ ಅಂಟಿಸಿದ್ದ ಸಣ್ಣ ಚೀಟಿ ಹರಿದಿತ್ತು. ಅದೇನೆಂದು ಅವನು ಯೋಚಿಸಿರಲಿಲ್ಲ.

ಕಂಪನಿಯವರು ಯೋಚಿಸಿದರು. ಆಶಾರಾಣಿ ಎಂಬ ಹುಡುಗಿ ಅಲ್ಲಿಂದ ಫೋನು ಮಾಡಿದಳು. ಕಿವಿ ಕೇಳದ್ದಕ್ಕೆ ಬಿಳಿಗಿರಿ ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕುತ್ತಾನೆ. ನಾನು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆ.

“ಸರ್, ಸೀಲ್ ಒಡೆದಿದೆ. ಒಳಗೆ ಯಾರೋ ಹಸಿರು ಪೇಂಟ್ ಹಾಕಿದ್ದಾರೆ. ಯಾರ ಹತ್ತಿರ ರಿಪೇರಿ ಮಾಡಿಸಿದ್ರಿ?”

“ಯಾರ್ ತಾವೂ ಮಾಡ್ಸಿಲ್ಲ ಕಣವ್ವ. ನಾನೇ ಗುರ್ತು ಆಕಿವ್ನಿ.”

“ಗುರುತು ಯಾಕೆ ಸರ್?”

“ನೀವು ಸಾಮಾನು ಬದ್ಲಾಯಿಸ್ದೆ ಇರ್ಲಿ ಅಂತ.”

ಆ ಕಡೆ ಕಾಗದ ಮಗುಚುವ ಸದ್ದಾಯಿತು. ಆಮೇಲೆ ಹುಡುಗಿ ಓದಿ ಹೇಳುವ ಹಾಗೆ ಹೇಳಿದಳು. ಹೊರಗಿನವರು ಬಿಚ್ಚಿರುವುದರಿಂದ ಗ್ಯಾರಂಟಿ ರದ್ದು. ರಿಪೇರಿ ಮಾಡಬೇಕಾದರೆ ಒಳಗಿನ ಹಲಗೆಯನ್ನೇ ಪೂರ್ತಿ ಬದಲಾಯಿಸಬೇಕು, ಅದು ಹೊರದೇಶದಿಂದ ಬರಬೇಕು, ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ. ಖರ್ಚು ಕೇಳಿದರೆ ಇನ್ನೊಂದು ಪೆಟ್ಟಿಗೆಯೇ ಬರುವ ಹಾಗಿತ್ತು.

“ನೋಡ್ದಾ ಅಕ್ಕ, ನಾನ್ ಏಳ್ಲಿಲ್ವಾ” ಎಂದ ಬಿಳಿಗಿರಿ. ಅವರು ಅವನನ್ನು ಕಳ್ಳನಂತೆ ನೋಡಿದರು, ಅವನೂ ಅವರನ್ನು ಹಾಗೆಯೇ ನೋಡುತ್ತಿದ್ದ. ಅವನು ಮಾಡಿಕೊಂಡ ಗುರುತೇ ಅವನ ಕೊರಳಿಗೆ ಬಂದಿತ್ತು, ಅದನ್ನು ಹೇಳಿ ನಾನು ಯಾಕೆ ನೋಯಿಸಲಿ ಎಂದು ಅವರೆಕಾಯಿ ಬಿಡಿಸುತ್ತಲೇ ಹೋದೆ. ವಾಪಸ್ ಕಳಿಸಿ ಎಂದು ಅವನು ಫೋನು ಇಟ್ಟ.

ಪಾರ್ಸೆಲ್ ಬಂದ ದಿನ ನನ್ನನ್ನೂ ಲಕ್ಷ್ಮಿದೇವಿಯನ್ನೂ ಸಾಕ್ಷಿಗೆ ಕೂರಿಸಿಕೊಂಡು ಮುಚ್ಚಳ ತೆಗೆದ. ಮೇಲಿದ್ದ ಕಾಗದದಲ್ಲಿ ರಿಪೇರಿ ಮಾಡದೆ ಹಿಂತಿರುಗಿಸಲಾಗಿದೆ ಎಂದು ಬರೆದಿತ್ತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದೇ ಚುಕ್ಕೆ ನೋಡುತ್ತ ಹೋದವನು ಒಂದು ಕಡೆ ನಿಂತ. ಸ್ವಿಚ್ಚು ಹಾಕಿದಾಗ ಟಕ್ ಎನ್ನುತ್ತಿದ್ದ, ಬೆಂಕಿಪೊಟ್ಟಣಕ್ಕಿಂತ ಸಣ್ಣದಾದ ಒಂದು ಕಪ್ಪು ಡಬ್ಬಿ. ಅದರ ಮೇಲೆ ಚುಕ್ಕೆ ಇಲ್ಲ.

“ಬದ್ಲಾಯಿಸವ್ರೆ! ನಂದು ತಕಂಡು ಯಾವ್ದೋ ಕೆಟ್ಟುದ್ದು ಇಕ್ಕವ್ರೆ!”

“ನೀನೇ ಮರ್ತಿರ್ಬೇಕು” ಎಂದಳು ಲಕ್ಷ್ಮಿದೇವಿ.

“ನಾನಾ? ಚುಕ್ಕೆ ಇಕ್ಕೋದ್ನ? ಕಟ್ಕಂಡಿರೋ ತಾಳಿ ನಿಜ್ವಾ ಅಂತ ಕೇಳ್ದಂಗಾಯ್ತು!”

ಹಾಕಿ ನೋಡಪ್ಪ ಎಂದು ನಾನು ಹೇಳಿದೆ. ಅವನು ಒಪ್ಪಲಿಲ್ಲ. ಹಾಕಿದ ಕೂಡಲೇ ಸುಟ್ಟುಹೋಗುವ ಹಾಗೆ ಮಾಡಿರುತ್ತಾರೆ, ಆಮೇಲೆ ನೀನೇ ಸುಟ್ಟೆ ಎನ್ನುತ್ತಾರೆ ಎಂದ. ಪೆಟ್ಟಿಗೆಯ ಮೇಲೆ ಹಳೆಯ ಸೀರೆ ಹೊದಿಸಿ ಮೂಲೆಗೆ ಸರಿಸಿದ. ಕೇಸು ಹಾಕುತ್ತೇನೆ ಎಂದು ಯಳಂದೂರಿನ ಒಬ್ಬ ವಕೀಲರನ್ನು ಕೇಳಿಕೊಂಡು ಬಂದ, ಆ ವಕೀಲರ ಮೇಲೂ ಅನುಮಾನ ಬಂದು ಬಿಟ್ಟ.

ಕಿವಿ ಮಾತ್ರ ಅವನಿಗೆ ಕಾದು ನಿಲ್ಲಲಿಲ್ಲ. ಹಾಲಿನವನು ಬಾಗಿಲಲ್ಲೇ ಕೂಗಿದರೂ ಅವನು ಪೇಪರಿನಿಂದ ತಲೆಯೆತ್ತುತ್ತಿರಲಿಲ್ಲ. ಕುಕ್ಕರಿನ ಸೀಟಿ ಅವನಿಗೆ ಬೀದಿಯ ಕೊನೆಯಲ್ಲಿ ಕೂಗಿದಂತೆ ಕೇಳುತ್ತಿತ್ತು. ಲಕ್ಷ್ಮಿದೇವಿಗೆ ತಾರಸಿಯ ಸಿಟ್ಟು ಆರಿ, ಇನ್ನೊಂದು ಸಂಕಟ ಹತ್ತಿಕೊಂಡಿತ್ತು. “ಟ್ರಂಕು ನೋಡ್ಕಂಡು ಕೂತ್ಕತದೆ ಕಣಕ್ಕಯ್ಯ” ಎಂದು ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು.

ಅವನು ಮದುವೆಗೆಂದು ಹನೂರಿಗೆ ಹೋಗಿದ್ದ ದಿನ ನಾನು ಒಲೆಯ ಮುಂದೆ ಇದ್ದೆ. ಗೋಡೆಯಾಚೆಯಿಂದ ಬಂತು, ಟಕ್.

ಎದ್ದು ಹೋದೆ. ಲಕ್ಷ್ಮಿದೇವಿ ಸೀರೆ ತೆಗೆದು, ಸ್ವಿಚ್ಚು ಹಾಕಿ, ಬಾಗಿಲ ಹತ್ತಿರ ದೂರ ನಿಂತಿದ್ದಳು. ಕೈಯಲ್ಲಿ ಮರಳಿನ ಬಾಂಡ್ಲಿ.

“ಸುಟ್ಟೋದ್ರೆ ಸುಟ್ಟೋಗ್ಲಿ ಅಂತ ಹಾಕ್ದೆ ಅಕ್ಕಯ್ಯ. ಏನೂ ಆಗ್ನಿಲ್ವಲ್ಲ?”

“ಟಕ್ ಅಂದ್ತಲ್ಲ ತಾಯಿ, ನೀ ಕೇಳ್ಲಿಲ್ವಾ?” ಎಂದೆ.

ಸಂಜೆ ಬಂದವನಿಗೆ ಹೇಳಿದರೆ ಮೊದಲು ಅವಳ ಮೇಲೆಯೇ ಹಾರಿದ. ಯಾರು ಮುಟ್ಟು ಅಂದರು, ಯಾರನ್ನು ಕರೆಸಿದ್ದೆ, ಕುಮಾರಸ್ವಾಮಿ ಬಂದಿದ್ದನಾ ಎಂದು ಕೇಳಿದ. ಕೇಳುತ್ತ ಕೇಳುತ್ತಲೇ ಅವನ ಕೈ ಟ್ರಂಕಿನಿಂದ ಕ್ಯಾಸೆಟ್ಟು ತೆಗೆಯಿತು. ಸ್ಪೀಕರಿಗೆ ಎಡಗಿವಿ ಕೊಟ್ಟು ಕೂತ. ತಂಬೂರಿ ಬಂತು, ಹಾಡುವವನ ಉಸಿರು ಬಂತು. ಅವನು ಗುಂಡಿಯನ್ನು ಮೊದಲಿಗಿಂತ ತುಂಬ ಮುಂದಕ್ಕೆ ತಿರುಗಿಸಬೇಕಾಯಿತು, ಆದರೂ ಅವನಿಗೆ ಕೇಳಿತು. ಅವನ ಮುಖ ನೋಡಿ ನಾನು ಮನೆಗೆ ಬಂದುಬಿಟ್ಟೆ.

ಕೇಳಿಸಿತೆಂದು ಸುಮ್ಮನಿರುವವನಲ್ಲ ಅವನು. ಮಾರನೆಯ ಬೆಳಿಗ್ಗೆ ನಾನು ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಾಗ ಬಂದು ಕೂತು, ಸ್ಪೀಕರಿಗೆ ಹಾಕಿದ ಫೋನನ್ನು ಎಡಗಿವಿಗೇ ಹಿಡಿದು ಅದೇ ಆಶಾರಾಣಿಗೆ ಹಚ್ಚಿದ. ಕಪ್ಪು ಡಬ್ಬಿ ಬದಲಾಯಿಸಿದ್ದು ಯಾರೆಂದು ಕೇಳಿದ.

“ಏನೂ ಬದಲಾಯಿಸಿಲ್ಲ ಸರ್. ರಿಪೇರಿ ಮಾಡಿಲ್ಲ ಅಂತಲೇ ಇದೆ ಇಲ್ಲಿ.”

“ಮಾಡವ್ರೆ ಕಣವ್ವ. ಚುಕ್ಕೆ ಇಲ್ಲ ಅದ್ರ ಮ್ಯಾಲೆ. ಈಗ ಆಡ್ತಾ ಅದೆ.”

“ಹಾಗಾದ್ರೆ ಯಾರೋ ಪರ್ಮಿಷನ್ ಇಲ್ಲದೆ ಸ್ಟೋರಿನ ಪಾರ್ಟ್ ಹಾಕಿದ್ದಾರೆ ಸರ್. ಕಂಪ್ಲೇಂಟ್ ತಗೊಳ್ಳಲಾ? ವಿಚಾರಣೆ ಮಾಡಿಸ್ತೀವಿ.”

“ವಿಚಾರ್ಣೆ ಮಾಡುದ್ರೆ ಏನಾಯ್ತದೆ?”

“ಹಾಕಿದವರು ಯಾರು ಅಂತ ಸಿಗ್ತಾರೆ. ಅವರನ್ನ ಕೆಲಸದಲ್ಲಿ ಇಟ್ಕೊಳ್ಳೋದಿಲ್ಲ ಸರ್.”

ಬಿಳಿಗಿರಿ ಫೋನನ್ನು ನೋಡಿದ, ನನ್ನನ್ನು ನೋಡಿದ. ಯಾರು ಎಂದು ತಿಳಿಯುವುದಕ್ಕೆ ಅವನು ಜೀವಮಾನವೆಲ್ಲ ಚುಕ್ಕೆ ಇಟ್ಟವನು. ಹೂಂ ಎಂದರೆ ಸಾಕಿತ್ತು. ನನ್ನ ಕೈಯಲ್ಲಿದ್ದ ಮೊರ ಅಲ್ಲಾಡಲಿಲ್ಲ.

“ಬ್ಯಾಡ ಬುಡವ್ವ” ಎಂದ. “ನಂದೇ ತಪ್ಪು. ಅದೊಂದಕ್ಕೆ ಚುಕ್ಕೆ ಇಕ್ಕೋದು ನಾನೇ ಮರ್ತಿದ್ದೆ.”

ಒಳಗಿದ್ದ ಲಕ್ಷ್ಮಿದೇವಿ ಬಾಗಿಲಿಗೆ ಬಂದು ನಿಂತಳು.

ಫೋನು ಇಟ್ಟ ಮೇಲೆ ಅವನು ಬಹಳ ಹೊತ್ತು ತಲೆ ಕೆರೆದುಕೊಂಡ. “ಆ ಗಾಜಿನ ಬಾಗ್ಲಿನಾಚೆ ಇದ್ದೋನು ನನ್ ಮುಖ ಕೂಡ ನೋಡಿಲ್ಲ. ಯಾಕ್ ಮಾಡ್ದ ಅಂತೀಯಕ್ಕ? ಏನೋ ಅದೆ ಇದ್ರಲ್ಲಿ.”

“ಏನಿದ್ದೀತು?”

“ಗೊತ್ತಿಲ್ಲ. ಏನೋ ಅದೆ.”

ಬೀದಿಯಲ್ಲಿ ನಲ್ಲಿ ನೀರು ಬಂತೆಂದು ಯಾರೋ ಕೂಗಿದರು. ಅವನಿಗೆ ಕೇಳಲಿಲ್ಲ. ಲಕ್ಷ್ಮಿದೇವಿ ಅವನ ಎಡಗಿವಿಯ ಹತ್ತಿರ ಬಗ್ಗಿ, “ನೀರು” ಎಂದಳು. ಅವನು ಪಂಚೆ ಎತ್ತಿ ಕಟ್ಟಿ, ಹಸಿರು ಚುಕ್ಕೆಯ ಕೊಡಗಳನ್ನು ನಲ್ಲಿಯ ಕೆಳಗೆ ಒಂದೊಂದಾಗಿ ಇಟ್ಟು ತುಂಬಿಸತೊಡಗಿದ. ನಾನೂ ನನ್ನ ಕೊಡ ತಂದು ಅವನ ಹಿಂದೆ ಇಟ್ಟೆ.