ಬಾಗಲಾಗದ ಕರಿಯಮ್ಮನ ಬಳ್ಳಿ ಚಪ್ಪರ

ತಾಳವಾಡಿ ಬಳಿಯ ತಿಗನಾರೆ ಊರಿನ ಮೇಲೆ ಮಂಜು ಇನ್ನೂ ಕೂತಿರುವಾಗಲೇ ಕರಿಯಮ್ಮ ಚಪ್ಪರದ ಕೆಳಗೆ ನಿಂತಿದ್ದಾರೆ. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಗೋಣಿದಾರ. ಗಾಳಿಗೆ ಕಳಚಿಕೊಂಡ ಎಳೆಬಳ್ಳಿಯೊಂದು ಹಿಡಿತ ಸಿಗದೆ ತೂಗಾಡುತ್ತಿದೆ. ಅದನ್ನು ಮೆಲ್ಲಗೆ ಕಡ್ಡಿಯ ಪಕ್ಕಕ್ಕೆ ತಂದು ಸಡಿಲವಾಗಿ ದಾರ ಸುತ್ತುತ್ತಾರೆ. "ಬಿಗ್ಯಾಗಿ ಕಟ್ಬಾರ್ದು. ಅದ್ಕೂ ಉಸ್ರಾಡಕೆ ಜಾಗ ಬೇಕಲ್ವಾ?"

ಮನೆಯ ಮುಂದಿನ ಈ ತುಂಡು ಅಂಗಳದಲ್ಲಿ ನೆಲದ ಮೇಲೆ ಒಂದು ಕುಂಡವೂ ಇಲ್ಲ. ಕಲ್ಲುಗಳ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಹಳೆಯ ಎಣ್ಣೆ ಡಬ್ಬಗಳು, ಡಬ್ಬಗಳಲ್ಲಿ ಬೇರು ಬಿಡುತ್ತಿರುವ ಬಳ್ಳಿಗಳು. ಸೂಜಿಮಲ್ಲಿಗೆ, ಶಂಖಪುಷ್ಪ, ಸಂಜೆ ಬೆಳ್ಳಗೆ ಅರಳಿ ದಿನ ಕಳೆದಂತೆ ಕೆಂಪಾಗುವ ರಂಗೂನ್ ಮಲ್ಲಿಗೆ. ಎಲ್ಲವೂ ಕರಿಯಮ್ಮನ ಸೊಂಟದ ಮಟ್ಟಕ್ಕೇ ಇವೆ. ಅದಕ್ಕೆ ಕಾರಣವಿದೆ. ಕರಿಯಮ್ಮ ಬಗ್ಗುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಜೀರಹಳ್ಳಿ ಕಡೆಯ ಹೊಲಕ್ಕೆ ಕಳೆ ಕೀಳಲು ಹೊರಟಿದ್ದ ಹೆಂಗಸರ ಟೆಂಪೋ ತಿರುವಿನಲ್ಲಿ ಮಗುಚಿತು. ಉಳಿದವರು ತರಚು ಗಾಯದಲ್ಲಿ ಪಾರಾದರು. ಕರಿಯಮ್ಮನ ಸೊಂಟ ಮುರಿಯಿತು. ತಿಂಗಳುಗಟ್ಟಲೆ ಮಲಗಿದ್ದು ಎದ್ದು ನಡೆದಾಡುವಂತಾದರೂ, ಇನ್ನು ಬಗ್ಗಿ ಕೆಲಸ ಮಾಡಕೂಡದು ಎಂದು ಚಾಮರಾಜನಗರದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಬುದ್ಧಿ ಬಂದಾಗಿನಿಂದ ಕೂಲಿಗೆ ಹೋಗಿ ಬದುಕಿದವರಿಗೆ ಬಗ್ಗದೆ ಸಿಗುವ ಕೆಲಸ ಯಾವುದು?

ಹೆಂಗಸರ ಗುಂಪನ್ನು ಕೂಲಿಗೆ ಕರೆದೊಯ್ಯುವ ಪರಿಮಳ ಆ ದಿನಗಳನ್ನು ನೆನೆದು ತಲೆ ತಗ್ಗಿಸುತ್ತಾರೆ. "ಅಕ್ಕನ್ನ ಕರ್ಯಕೆ ನಂಗೆ ಬಾಯೇ ಬರ್ನಿಲ್ಲ. ಬಗ್ಗಕಾಗ್ದೋಳ್ನ ಸಾಲಲ್ಲಿ ನಿಲ್ಸುದ್ರೆ ಒಲದೋರು ಸುಮ್ಕಿರ್ತಿದ್ರಾ?" ಕರಿಯಮ್ಮ ಯಾರನ್ನೂ ದೂರುವುದಿಲ್ಲ. "ಟೆಂಪೋ ಸದ್ದು ಕೇಳ್ದಾಗೆಲ್ಲ ಒಳಕ್ಕೋಗಿ ಕದ ಆಕ್ಕತಿದ್ದೆ" ಎಂದಷ್ಟೇ ಹೇಳುತ್ತಾರೆ.

ಹಾಗೆ ಕದ ಹಾಕಿಕೊಳ್ಳುತ್ತಿದ್ದ ದಿನಗಳಲ್ಲೇ ಒಮ್ಮೆ ಜಗಲಿಯಲ್ಲಿ ನಿಂತವರ ಕಣ್ಣಿಗೆ ಸೂರಂಚಿಗೆ ತಾನಾಗಿ ಹಬ್ಬಿದ್ದ ಸೂಜಿಮಲ್ಲಿಗೆ ಬಿತ್ತು. ಕೈ ಚಾಚಿದರು. ಮಡಿಲು ತುಂಬ ಹೂ ಬಂತು. "ಇದ್ಕೆ ನಾನು ಬಗ್ಗಂಗಿಲ್ಲ, ಅದೇ ನನ್ ತಾವ್ಕೆ ಬತ್ತದೆ ಅನ್ನುಸ್ತು." ಮಾರನೆಯ ದಿನವೇ ಗಂಡ ಚಿಕ್ಕಮಾದರಿಂದ ಚಪ್ಪಡಿ ಎತ್ತಿಸಿದರು. ದನ ಕಾಯುವ ಚಿಕ್ಕಮಾದರಿಗೆ ಇದೆಲ್ಲ ಹುಚ್ಚಾಟವಾಗಿ ಕಂಡಿತ್ತು. "ಊವಾ ತಿಂದ್ಕಂಡು ಬದುಕಾಕಾದ್ದಾ ಅಮ್ಮೀ?" ಎಂದಿದ್ದರಂತೆ.

ಕರಿಯಮ್ಮನ ಹೆಸರು ಊರಾಚೆ ದಾಟಿದ್ದು ಇನ್ನೊಂದು ಬಳ್ಳಿಯಿಂದ. ತೋಟದ ಮನೆಯ ಶಾಂಭವಿ ಊಟಿಯಿಂದ ಕ್ಲೆಮಾಟಿಸ್ ಎಂಬ ಬಳ್ಳಿ ತಂದು ನೆಟ್ಟಿದ್ದರು. ಅಂಗೈಯಗಲದ ನೇರಳೆ ಹೂ ಬಿಡುವ ಜಾತಿ. ಇಲ್ಲಿಯ ಬಿಸಿಲಿಗೆ ಅದು ಸೊರಗಿತು. ಎಸೆಯುವ ಬದಲು ಕರಿಯಮ್ಮನಿಗೆ ಕೊಟ್ಟರು. ಚಪ್ಪಡಿಯ ಮೇಲಿಟ್ಟ ಒಡೆದ ಕಲ್ಲುಬಾನಿಗೆ ಎಲೆಗೊಬ್ಬರ ತುಂಬಿ ಕರಿಯಮ್ಮ ಅದನ್ನು ನೆಟ್ಟರು. ಬುಡದ ಸುತ್ತ ಪುದೀನ ಬೆಳೆಸಿ ನೆರಳು ಮಾಡಿದರು, ಬಳ್ಳಿಯನ್ನು ಮಾತ್ರ ಬಿಸಿಲಿಗೆ ಹತ್ತಿಸಿದರು. ಎಷ್ಟೋ ಕಡೆ ಇಟ್ಟು, ಬಾಡಿಸಿ, ಮತ್ತೆ ಸರಿಸಿ ಕಂಡುಕೊಂಡ ಉಪಾಯವದು. ಕೊನೆಗೆ ಹೂ ಬಿಟ್ಟಾಗ ಶಾಂಭವಿಯೇ ಓಡಿ ಬಂದು, "ಕರಿಯಮ್ಮ, ನನಗೂ ಒಂದು ಸಸಿ ಮಾಡಿಕೊಡು" ಎಂದರು. ಗೆಟ್ಟವಾಡಿಯಿಂದಲೂ ಜನ 'ಊಟಿ ಬಳ್ಳಿ' ಕೇಳಿಕೊಂಡು ಬಂದರು.

ಅಷ್ಟರಲ್ಲಿ ಆನೆ ಬಂತು. ಬೆಳಿಗ್ಗೆ ಕದ ತೆಗೆದರೆ ಚಪ್ಪರ ನೆಲಸಮ. ಡಬ್ಬಗಳು ಅಪ್ಪಚ್ಚಿ. ಊಟಿ ಬಳ್ಳಿ ಬುಡದಲ್ಲೇ ಮುರಿದು ಬಿದ್ದಿತ್ತು. ಮನೆಯ ಹಿಂದಿನ ಬಾಳೆಯ ವಾಸನೆ ಹಿಡಿದು ಬಂದ ಆನೆ ಅಂಗಳ ತುಳಿದುಕೊಂಡೇ ಹಿಂತಿರುಗಿತ್ತು. "ಇನ್ ಸಾಕು ಬುಟ್ಬುಡು" ಎಂದರು ಚಿಕ್ಕಮಾದ. ಕರಿಯಮ್ಮ ಮಚ್ಚು ಹಿಡಿದು ಹಿತ್ತಲಿಗೆ ನಡೆದರು. ನಿಂತ ನಿಲುವಿನಲ್ಲೇ ಉಳಿದ ಬಾಳೆಯನ್ನೆಲ್ಲ ಕಡಿದು ಉರುಳಿಸಿದರು.

"ಬಾಳೆ ಕಡುದ್ರೆ ನಮ್ಗೆ ತಿನ್ನಕ್ಕೇನು?" ಎಂದು ಗಂಡ ಕೂಗಿದರು.

"ಇಷ್ಟ್ ದಿನ ತಿಂದೋರ್ಯಾರು? ಆನೆ ತಾನೇ? ಅದ್ರ ಮೇಲೆ ಸಿಟ್ಟಿಲ್ಲ ನಂಗೆ. ವಾಸ್ನೆ ತೋರ್ಸಿ ಕರ್ದೋರು ನಾವು. ಬನ್ನಿ, ಗೆಡ್ಡೆ ಅಗೀರಿ. ನಂಗೆ ಬಗ್ಗಕಾಗಲ್ಲ."

ಚಿಕ್ಕಮಾದ ಗೆಡ್ಡೆ ಅಗೆದರು. ಆಮೇಲೆ ಹೊಲದ ಬದುವಿನಿಂದ ಲಂಟಾನ ಕಡ್ಡಿ ಕಡಿದು ತಂದು ಹೊಸ ಚಪ್ಪರವನ್ನೂ ಹಾಕಿದರು. ಮುರಿದ ಊಟಿ ಬಳ್ಳಿಯ ಬಾನಿಗೆ ಕರಿಯಮ್ಮ ದಿನವೂ ನೀರು ಹನಿಸುತ್ತಲೇ ಇದ್ದರು. ಒಣಗಿದ ಮೋಟಿಗೆ ನೀರೆರೆಯುವುದನ್ನು ಕಂಡು ನಕ್ಕವರುಂಟು. ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಪುದೀನದ ನಡುವಿನಿಂದ ಕೆಂಪು ಚಿಗುರೊಂದು ತಲೆ ಎತ್ತಿತು. ಅದನ್ನು ಮೊದಲು ಕಂಡವರು ಚಿಕ್ಕಮಾದ. ದನ ಬಿಡುವುದನ್ನೂ ಮರೆತು ಹೆಂಡತಿಯನ್ನು ಕೂಗಿ ಕರೆದರಂತೆ.

ಈಗ ಆ ಬಳ್ಳಿಯ ಎಳೆಗಳನ್ನು ಪಕ್ಕದ ಡಬ್ಬಗಳ ಮಣ್ಣಿಗೆ ತಾಗಿಸಿ, ಮೇಲೊಂದು ಕಲ್ಲಿಟ್ಟು ಸಸಿ ಮಾಡುತ್ತಾರೆ. ಬೇರು ಬಿಡಲು ತಿಂಗಳುಗಳೇ ಬೇಕು. ಬೇರು ಕಂಡ ಮೇಲಷ್ಟೇ ಸಸಿಗಳು ತಾಳವಾಡಿ ಸಂತೆಗೆ ಹೊರಡುತ್ತವೆ. ಸತ್ಯಮಂಗಲದ ಕಡೆಯ ತಮಿಳು ಗಿರಾಕಿಗಳ ಮಾತು ಕರಿಯಮ್ಮನಿಗೆ ನಗು ತರಿಸುತ್ತದೆ. "ಅವ್ರು ಬಳ್ಳಿಗೆ 'ಕೊಡಿ' ಅಂತಾರೆ. ನಂಗೆ ಮೊದ್ಲು ತಿಳೀನಿಲ್ಲ. ಕೊಡಿ ಕೊಡಿ ಅಂತವ್ರೆ, ಏನ್ ಕೊಡ್ಲಿ ಅಂತ ನಾನೂ ಕೇಳ್ತಾನೇ ಇದ್ದೆ!" ಮನೆಯ ರಾಗಿಗೂ ತಮ್ಮ ಔಷಧಿಗೂ ಈ ಅಂಗಳದ ದುಡಿಮೆಯೇ ಸಾಕಾಗುತ್ತಿದೆ. ಈ ವರ್ಷ ಪರಿಮಳ ಕೂಡ ಒಂದು ಸೂಜಿಮಲ್ಲಿಗೆ ಸಸಿ ಒಯ್ದು ತಮ್ಮ ಮನೆ ಬಾಗಿಲಲ್ಲಿ ನೆಟ್ಟಿದ್ದಾರೆ.

ಕರಿಯಮ್ಮನಿಗೆ ಇನ್ನೊಂದು ಆಸೆಯಿದೆ. ಊರಿನ ಬಸ್ ತಂಗುದಾಣಕ್ಕೆ ಹೊದಿಸಿರುವುದು ಬರೀ ತಗಡು. ಬೇಸಿಗೆಯಲ್ಲಿ ಅದರಡಿ ನಿಲ್ಲುವುದೂ ಕಷ್ಟ. ಮಕ್ಕಳನ್ನು ಸೊಂಟದಲ್ಲಿ ಎತ್ತಿಕೊಂಡ ಹೆಂಗಸರು ಹೊರಗೆ ಬಂದು ಬಿಸಿಲಲ್ಲೇ ಬಸ್ಸು ಕಾಯುತ್ತಾರೆ. ಆ ತಗಡಿನ ಮೇಲೆ ರಂಗೂನ್ ಮಲ್ಲಿಗೆ ಹಬ್ಬಿಸಬೇಕು, ಕೆಳಗೆ ತಣ್ಣಗಾಗಬೇಕು ಎಂಬುದು ಅವರ ಲೆಕ್ಕಾಚಾರ. ಸಸಿಯೂ ತಯಾರಿದೆ.

"ಪಂಚಾಯ್ತಿಯೋರು ಬೇಡ ಅಂದ್ರೆ?" ಎಂದು ಚಿಕ್ಕಮಾದ ಜಗಲಿಯಿಂದ ಕೇಳುತ್ತಾರೆ.

ಕರಿಯಮ್ಮ ಕೈಯಲ್ಲಿದ್ದ ಗಂಟನ್ನು ಮುಗಿಸಿಯೇ ತಿರುಗುತ್ತಾರೆ. "ಅವ್ರು ಕೂತು ಮಾತಾಡಿ ಬೇಡ ಅನ್ನೋ ಒತ್ಗೆ ಅದು ಬೇರು ಬುಟ್ಟಿರ್ತದೆ."