ಬ್ಯಾಡಗಿ ಮಣ್ಣಿನ ಮೇಲೆ ಸೀನಿಬಿಟ್ಟೆ

ಫ್ರೆಂಡ್ಸ್, ದೊಡ್ಡ ಎಡವಟ್ಟಾಯಿತು. ಇವತ್ತು ಲ್ಯಾಬ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ ಮಣ್ಣಿನಿಂದ ಬ್ಯಾಕ್ಟೀರಿಯಾಗಳ ಡಿಎನ್‌ಎ ತೆಗೆಯುತ್ತಿದ್ದೆವು. ಡಬ್ಬಿ ತೆರೆದ ಕೂಡಲೇ ಘಾಟು ಹೊಡೆದು, ಬಾಯಿ ತೆರೆದಿದ್ದ ಟ್ಯೂಬುಗಳ ಮೇಲೆಯೇ ಸೀನಿಬಿಟ್ಟೆ. ಸೀನಿಯರ್ ಅಕ್ಕನ ಪ್ರಾಜೆಕ್ಟ್‌ಗೆ ಉಳಿದಿದ್ದೇ ಅಷ್ಟು ಮಣ್ಣು. ಈಗ ಅದರಲ್ಲಿ ನನ್ನ ಬಾಯಿಯ ಬ್ಯಾಕ್ಟೀರಿಯಾಗಳೂ ಸೇರಿದವು. ಟೋಟಲ್ ವೇಸ್ಟ್!

ಯಾರೂ ನೋಡಿರಲಿಲ್ಲ. ಆದರೂ ಹೆದರಿ ಹೇಳಿಬಿಟ್ಟೆ, "ಅಕ್ಕಾರ, ಟ್ಯೂಬ್ ಮ್ಯಾಲೆ ಸೀನಿಬಿಟ್ಟೇನ್ರಿ."

ಅಕ್ಕ ಟ್ಯೂಬುಗಳನ್ನು ಪಕ್ಕಕ್ಕೆ ಸರಿಸಿ ನನ್ನತ್ತ ತಿರುಗಿದರು. "ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತಿ? ಅದಕ್ಕೂ ಸೀನ್ತಿ ಅಂದ್ರ, ಯಾವೂರಾಕಿಲೇ ನೀ?"

"ಬ್ಯಾಡಗಿರಿ. ಸಣ್ಣಾಕಿದ್ದಾಗಿಂದ ಹಾಸ್ಟೆಲ್‌ನ್ಯಾಗ ಇದ್ದೇನ್ರಿ..."

"ಹಂಗಾರ ನಾಳೆ ನೀನ ಊರಿಗೆ ಹೋಗಿ ಹೊಸಾ ಮಣ್ಣು ತಗೊಂಡ್ ಬಾ."

ಒಂದು ಡಬ್ಬಿಗೇ ಹೀಗಾದವಳನ್ನು ಇಡೀ ಮಾರ್ಕೆಟ್‌ಗೆ ಕಳಿಸುತ್ತಿದ್ದಾರೆ.